ಬಳಚು ಎಂಬ ಚಿಪ್ಪುಜೀವಿ ಸೋಸುವುದು ಕಣಗಳನ್ನು. ಹಾಗಿದ್ದರೆ ನೀರಿನಲ್ಲಿ ಕರಗಿದ ಲೋಹ ಅದರ ಮೈಯಲ್ಲಿ ಉಳಿಯುವುದು ಹೇಗೆ?

ಪ್ರಶ್ನೆ: ಅಳಿವೆಯಂಚು

ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಹೆಕ್ಕುವವರನ್ನು ನೋಡುತ್ತಲೇ ಬೆಳೆದವನು ನಾನು. ತಂದ ಬಳಚನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ಬಿಟ್ಟು, ಅದು ಮರಳು ಕಾರಿದ ಮೇಲೆಯೇ ಒಲೆಯ ಮೇಲಿಡಬೇಕೆಂಬುದು ನಮ್ಮ ಅಡುಗೆಮನೆಯಲ್ಲಿ ಎಲ್ಲರೂ ಬಲ್ಲ ಪದ್ಧತಿ. ಮೊನ್ನೆ ಊರಿಗೆ ಹೋಗಿದ್ದಾಗ ಚಿಪ್ಪುಜೀವಿಗಳಲ್ಲಿ ಕ್ಯಾಡ್ಮಿಯಂ, ಸೀಸ ಮುಂತಾದ ಲೋಹಗಳು ಸಂಗ್ರಹವಾಗುತ್ತವೆಂಬ ಮಾತು ಬಂತು. ಆಗ ನನ್ನ ತಾಯಿ, "ರಾತ್ರಿ ನೀರಿನಲ್ಲಿಟ್ಟರೆ ಮರಳಿನ ಜೊತೆಗೆ ಅದೂ ಹೋಗುವುದಿಲ್ಲವೇ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಯೋಚಿಸುತ್ತ ಹೋದಂತೆ ಅದಕ್ಕಿಂತ ಮೂಲಭೂತವಾದ ಸಂದೇಹವೊಂದು ಹುಟ್ಟಿತು. ಬಳಚು, ಪಚ್ಚಿಲೆ, ಸಿಂಪಿ ಈ ಚಿಪ್ಪುಜೀವಿಗಳೆಲ್ಲವೂ ನೀರನ್ನು ಸೋಸಿ ಆಹಾರ ಪಡೆಯುತ್ತವೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಚಹಾ ಸೋಸಿದಾಗ ಜರಡಿಯಲ್ಲಿ ನಿಲ್ಲುವುದು ಪುಡಿ ಮಾತ್ರ. ಕರಗಿದ ಸಕ್ಕರೆ ಲೋಟಕ್ಕೇ ಇಳಿಯುತ್ತದೆ. ಕೆಸರಿಗೆ ಅಂಟಿದ ಲೋಹ ಜರಡಿಗೆ ಸಿಕ್ಕುತ್ತದೆಂದರೆ ಒಪ್ಪಬಹುದು. ನೀರಿನಲ್ಲಿ ಪೂರ್ತಿಯಾಗಿ ಕರಗಿದ ಲೋಹವೂ ಸಕ್ಕರೆಯಂತೆ ಹೊರಟುಹೋಗಬೇಕಲ್ಲವೇ? ಅದು ಪ್ರಾಣಿಯೊಳಗೆ ಉಳಿಯುವುದಷ್ಟೇ ಅಲ್ಲದೆ, ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಸಾಂದ್ರವಾಗುತ್ತದೆ ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಅಘನಾಶಿನಿಯ ನೀರು ಕೆಟ್ಟಿದೆಯೆಂದು ಸೂಚಿಸುವುದು ನನ್ನ ಉದ್ದೇಶವಲ್ಲ. ಅದು ಅಣೆಕಟ್ಟಿಲ್ಲದೆ ಕಡಲು ಸೇರುವ ನದಿಯ ಅಳಿವೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ನನ್ನ ಪ್ರಶ್ನೆ ಪ್ರಾಣಿಯ ಮೈಯೊಳಗಿನ ಕ್ರಿಯೆಯ ಕುರಿತದ್ದು.

ಉತ್ತರ: ಕಿವಿರುಕಿಂಡಿ

ತಮ್ಮ ಚಹಾದ ಹೋಲಿಕೆ ಸರಿಯಾಗಿಯೇ ಇದೆ. ಸೋಸುವ ಕ್ರಿಯೆಯು ಕರಗಿದ ಲೋಹವನ್ನು ಹಿಡಿಯುವುದಿಲ್ಲ. ಹಿಡಿಯುವುದು ಜರಡಿಯ ತೂತಲ್ಲ, ಜರಡಿಯ ತಂತಿ. ಈ ಜರಡಿಯ ತಂತಿ ಲೋಹದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ ಅಲ್ಲದೆ ಜೀವಂತ ಚರ್ಮದ್ದು ಎಂಬಲ್ಲಿ ಹೋಲಿಕೆ ಮುರಿದುಬೀಳುತ್ತದೆ.

ಚಿಪ್ಪಿನೊಳಗೆ ಎರಡೂ ಬದಿಗೆ ಹಾಳೆಗಳಂತೆ ಜೋತುಬಿದ್ದಿರುವ ಕಿವಿರುಗಳು ಉಸಿರಾಟಕ್ಕೂ ಆಹಾರ ಸಂಗ್ರಹಕ್ಕೂ ಒಟ್ಟಿಗೇ ಒದಗುವ ಅಂಗಗಳು. ಅವುಗಳ ಎಳೆಗಳ ಮೇಲೆ ಸೂಕ್ಷ್ಮ ರೋಮಗಳು ಸಾಲಾಗಿ ಬಡಿಯುತ್ತ ನೀರನ್ನು ಒಳಗೆಳೆಯುತ್ತವೆ; ಇನ್ನೊಂದು ಬಗೆಯ ರೋಮಗಳು ಕಣಗಳನ್ನು ತಡೆದು, ಲೋಳೆಯಲ್ಲಿ ಸುತ್ತಿ ಬಾಯಿಯ ಕಡೆಗೆ ಸಾಗಿಸುತ್ತವೆ. ಸುಮಾರು 4 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳನ್ನು ನೀಲಿ ಪಚ್ಚಿಲೆ ಬಹುತೇಕ ಪೂರ್ತಿಯಾಗಿ ಹಿಡಿಯುತ್ತದೆ. ಅದಕ್ಕಿಂತ ಚಿಕ್ಕವು ಹೆಚ್ಚು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತವೆ. ಕರಗಿದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಲೋಹದ ಪರಮಾಣು, ಇದರ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದಾದ್ದರಿಂದ ಅದನ್ನು ತಡೆಯುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಆ ನೀರೆಲ್ಲ ಕಿವಿರಿನ ಅಗಾಧವಾದ ಮೇಲ್ಮೈಯನ್ನು ಸವರಿಕೊಂಡೇ ಹೋಗಬೇಕು. ಆ ಮೇಲ್ಮೈಯ ಕೋಶಗಳು ಒಂದು ಪದರದಷ್ಟೇ ತೆಳುವಾಗಿವೆ, ಆಮ್ಲಜನಕ ಸುಲಭವಾಗಿ ಒಳಸೇರಲೆಂದೇ ಹಾಗಿವೆ. ಉಸಿರಾಡಲು ಇಟ್ಟ ಬಾಗಿಲಿನಿಂದಲೇ ಲೋಹವೂ ನುಗ್ಗುತ್ತದೆ.

ಹಾಗೆಂದು ಅದು ಗೋಡೆಯನ್ನು ಸುಮ್ಮನೆ ಹಾದುಬರುವುದಿಲ್ಲ. ಕೋಶದ ಪೊರೆ ಕೊಬ್ಬಿನಿಂದಾದದ್ದು. ವಿದ್ಯುದಂಶವುಳ್ಳ ಅಯಾನಿಗೆ ಅದರಲ್ಲಿ ಪ್ರವೇಶವಿಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಸತು, ತಾಮ್ರ ಮೊದಲಾದವು ಜೀವಕ್ಕೆ ಬೇಕಾದವುಗಳಾದ್ದರಿಂದ ಅವುಗಳಿಗಾಗಿ ಪೊರೆಯಲ್ಲಿ ಪ್ರೋಟೀನಿನ ದ್ವಾರಗಳೂ ವಾಹಕಗಳೂ ಇವೆ. ಕ್ಯಾಡ್ಮಿಯಂ ಅಯಾನು ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ಬಹುತೇಕ ಸಮ, ವಿದ್ಯುದಂಶವೂ ಅಷ್ಟೇ. ಚಿಪ್ಪು ಕಟ್ಟುವ ಪ್ರಾಣಿಗೆ ಕ್ಯಾಲ್ಸಿಯಂ ಎಷ್ಟು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಕ್ಯಾಲ್ಸಿಯಂಗೆ ತೆರೆದ ದ್ವಾರದಲ್ಲಿ ಕ್ಯಾಡ್ಮಿಯಂ ಕೂಡ ಗುರುತು ಸಿಗದೆ ಒಳಬರುತ್ತದೆ.

ಇನ್ನು ಅದು ಮರಳಿ ಹೋಗದಿರುವುದಕ್ಕೆ ಕಾರಣ ಒಳಗಿದೆ. ಕೋಶದೊಳಗೆ ಬಂದ ಕ್ಯಾಡ್ಮಿಯಂ, ತಾಮ್ರ, ಸತುಗಳನ್ನು ಮೆಟಲೋಥಯೋನಿನ್ ಎಂಬ ಪುಟ್ಟ ಪ್ರೋಟೀನು ಹಿಡಿದುಕೊಳ್ಳುತ್ತದೆ. ಇದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಕುದುರೆಯ ಮೂತ್ರಪಿಂಡದಲ್ಲಿ. ಚಿಪ್ಪುಜೀವಿಗಳಲ್ಲಿಯೂ ಇದರ ಬಂಧುಗಳಿವೆ. ಅದರ ಕೊಂಡಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲ, ಗಂಧಕಕ್ಕೆ ಈ ಲೋಹಗಳು ಬಿಗಿಯಾಗಿ ಅಂಟುತ್ತವೆ. ಹೀಗೆ ಒಳಬಂದ ಅಯಾನು ಬಂದ ಕೂಡಲೇ ಬಂಧಿಯಾಗುವುದರಿಂದ ಕೋಶದೊಳಗೆ ಬಿಡಿ ಅಯಾನಿನ ಸಾಂದ್ರತೆ ಸದಾ ನಗಣ್ಯವಾಗಿಯೇ ಇರುತ್ತದೆ, ಮತ್ತು ಹೊರಗೆ ಲೋಹ ಎಷ್ಟೇ ಕಡಿಮೆಯಿದ್ದರೂ ಒಳಮುಖದ ಹರಿವು ನಿಲ್ಲುವುದಿಲ್ಲ. ಸಾವಿರಾರು ಪಟ್ಟು ಸಾಂದ್ರತೆಯ ಗುಟ್ಟು ಇದರಲ್ಲಿದೆ: ಒಟ್ಟು ಲೋಹವನ್ನು ಅಳೆದರೆ ಅದು ಸಾಂದ್ರತೆಯ ಇಳಿಜಾರಿನ ವಿರುದ್ಧ, ಕಡಿಮೆಯಿರುವಲ್ಲಿಂದ ಹೆಚ್ಚಿರುವಲ್ಲಿಗೆ, ಏರಿದಂತೆ ಕಾಣುತ್ತದೆ, ಬಿಡಿ ಅಯಾನಿನ ಮಟ್ಟಿಗೆ ಅದು ಇಳಿಜಾರಿನಲ್ಲಿಯೇ ಹರಿದಿರುತ್ತದೆ.

ಉತ್ತರ: ದ್ರಾವಣ

ಮೇಲಿನ ವಿವರಣೆಗೆ ರಸಾಯನಶಾಸ್ತ್ರದ ಕಡೆಯಿಂದ ಒಂದು ಸೇರ್ಪಡೆ ಅಗತ್ಯ. "ಕರಗಿದ ಲೋಹ" ಎಂಬುದು ಒಂದೇ ವಸ್ತುವಲ್ಲ. ಪ್ರಯೋಗಾಲಯದಲ್ಲಿ 0.45 ಮೈಕ್ರೋಮೀಟರಿನ ಸೋಸುಹಾಳೆಯನ್ನು ದಾಟಿದ್ದನ್ನೆಲ್ಲ ಕರಗಿದ್ದೆಂದು ಕರೆಯುವುದು ರೂಢಿ. ಅದರಲ್ಲಿ ಬಿಡಿ ಅಯಾನು, ಉಪ್ಪಿನಲ್ಲಿರುವ ಕ್ಲೋರೈಡಿನೊಂದಿಗೆ ಜೋಡಿಯಾದದ್ದು, ಕೊಳೆತ ಎಲೆ ಮತ್ತು ಪಾಚಿಗಳಿಂದ ಬಂದ ಜೈವಿಕ ಅಣುಗಳು ತಬ್ಬಿಕೊಂಡದ್ದು ಎಲ್ಲವೂ ಸೇರಿವೆ. ಪೊರೆಯ ದ್ವಾರಗಳಿಗೆ ಮುಖ್ಯವಾಗಿ ಒಗ್ಗುವುದು ಬಿಡಿ ಅಯಾನು. ಪೂರ್ಣ ಉಪ್ಪಿನ ಕಡಲನೀರಿನಲ್ಲಿ ಕ್ಯಾಡ್ಮಿಯಂ ಬಿಡಿಯಾಗಿ ಉಳಿಯುವುದು ಶೇಕಡಾ ಎರಡು ಮೂರರಷ್ಟು. ಉಳಿದದ್ದು ಕ್ಲೋರೈಡಿನ ಜೊತೆಗಿರುತ್ತದೆ. ತಾಮ್ರದ ಕಥೆ ಇನ್ನೂ ಬಿಗಿ. ಕರಾವಳಿಯ ನೀರಿನಲ್ಲಿ ಅದರ ಶೇಕಡಾ 99ಕ್ಕೂ ಹೆಚ್ಚು ಭಾಗ ಜೈವಿಕ ಅಣುಗಳ ಹಿಡಿತದಲ್ಲಿರುತ್ತದೆ.

ಇದರಿಂದ ಹೊರಡುವ ಒಂದು ಫಲಿತ ಅಳಿವೆಯವರಿಗೆ ಕುತೂಹಲಕರವಾಗಿರಬಹುದು. ನೀರಿನಲ್ಲಿ ಒಟ್ಟು ಕ್ಯಾಡ್ಮಿಯಂ ಒಂದೇ ಪ್ರಮಾಣದಲ್ಲಿದ್ದರೂ ಉಪ್ಪು ಕಡಿಮೆಯಾದಂತೆ ಚಿಪ್ಪುಜೀವಿಗಳು ಹೆಚ್ಚು ಹೀರುತ್ತವೆ, ಏಕೆಂದರೆ ಕ್ಲೋರೈಡು ಕಡಿಮೆಯಾದಂತೆ ಬಿಡಿ ಅಯಾನಿನ ಪಾಲು ಹೆಚ್ಚುತ್ತದೆ. ಆದ್ದರಿಂದ ಎರಡು ಜಾಗಗಳ ನೀರಿನ ವರದಿಯಲ್ಲಿ ಒಂದೇ ಅಂಕಿ ಇದೆಯೆಂದು ಎರಡೂ ಕಡೆಯ ಚಿಪ್ಪು ಸಮಾನವೆಂದು ತಿಳಿಯುವಂತಿಲ್ಲ. ಅಮೆರಿಕದ ಸಾಗರ ರಸಾಯನವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅವರು 1975ರಲ್ಲಿ ನೀರಿನ ಬದಲು ಪಚ್ಚಿಲೆಯನ್ನೇ ಪರೀಕ್ಷಿಸಿ ಕಡಲಿನ ಮಾಲಿನ್ಯವನ್ನು ಅಳೆಯೋಣವೆಂದು ಸೂಚಿಸಿದ್ದರ ಹಿಂದೆ ಇದೇ ಬಗೆಯ ತರ್ಕವಿದೆ. ಅಮೆರಿಕ 1986ರಿಂದ ಅದನ್ನು ರಾಷ್ಟ್ರೀಯ ಯೋಜನೆಯಾಗಿ ನಡೆಸುತ್ತ ಬಂದಿದೆ.

ಪಾದರಸ ಈ ಚೌಕಟ್ಟಿಗೆ ಪೂರ್ತಿ ಹೊಂದುವುದಿಲ್ಲ. ಪಾದರಸದ ಸಾವಯವ ರೂಪವಾದ ಮೀಥೈಲ್ ಪಾದರಸ ಕ್ಲೋರೈಡಿನೊಂದಿಗೆ ಸೇರಿದಾಗ ವಿದ್ಯುದಂಶವಿಲ್ಲದ ಅಣುವಾಗಿ, ದ್ವಾರದ ಹಂಗಿಲ್ಲದೆ ಕೊಬ್ಬಿನ ಪೊರೆಯನ್ನೇ ದಾಟಬಲ್ಲದು. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತದಲ್ಲಿ ಮೀನಿನ ಜೊತೆಗೆ ಆ ಕೊಲ್ಲಿಯ ಚಿಪ್ಪುಗಳೂ ವಿಷದ ವಾಹಕಗಳಾಗಿದ್ದವು.

ಪ್ರತಿಕ್ರಿಯೆ: ಪಡುವಣಗಾಳಿ

ನಾನು ಮಂಗಳೂರಿನ ಕಡೆಯವನು. ನೀವು ಬಳಚು ಎನ್ನುವುದನ್ನು ನಾವು ಮರುವಾಯಿ ಎನ್ನುತ್ತೇವೆ. ವಿಜ್ಞಾನದ ಪದವಿ ನನಗಿಲ್ಲ, ಆದರೆ 'ದ್ರಾವಣ' ಅವರ ಮಾತಿಗೆ ಒಂದು ಆಕ್ಷೇಪವಿದೆ. ಉಪ್ಪು ಹೆಚ್ಚಿದಂತೆ ಅಪಾಯ ಕಡಿಮೆಯೆಂದು ಅವರ ಬರಹದಿಂದ ಅರ್ಥವಾಗುತ್ತದೆ. ಫ್ರಾನ್ಸಿನ ಜಿರೋಂಡ್ ಅಳಿವೆಯಲ್ಲಿ ಕಡಲಿಗೆ ಹತ್ತಿರವಾದ, ಉಪ್ಪಾದ ಭಾಗದ ಸಿಂಪಿಗಳಲ್ಲಿಯೇ ಕ್ಯಾಡ್ಮಿಯಂ ವಿಪರೀತವಾಗಿದ್ದು ಅಲ್ಲಿ ಸಂಗ್ರಹವನ್ನೇ ನಿಷೇಧಿಸಿದ್ದರೆಂದು ಎಂದೋ ಓದಿದ್ದೇನೆ. ಎರಡೂ ಹೇಗೆ ಸರಿಯಾಗಲು ಸಾಧ್ಯ?

ಉತ್ತರ: ದ್ರಾವಣ

ಆಕ್ಷೇಪ ನ್ಯಾಯವಾದದ್ದು. ನಾನು ಅರ್ಧವನ್ನಷ್ಟೇ ಹೇಳಿದ್ದೆ. "ನೀರಿನಲ್ಲಿ ಒಟ್ಟು ಕ್ಯಾಡ್ಮಿಯಂ ಒಂದೇ ಪ್ರಮಾಣದಲ್ಲಿದ್ದರೆ" ಎಂಬ ಷರತ್ತು ಪ್ರಯೋಗಾಲಯದ ತೊಟ್ಟಿಯಲ್ಲಿ ನಡೆಯುತ್ತದೆ, ಅಳಿವೆಯಲ್ಲಿ ನಡೆಯುವುದಿಲ್ಲ.

ಜಿರೋಂಡಿನ ಮೂಲಕಾರಣ ಅಳಿವೆಯ ಬಳಿ ಇರಲೇ ಇಲ್ಲ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳನಾಡಿನಲ್ಲಿ, ಡೆಕಾಜ್‌ವಿಲ್ ಪ್ರದೇಶದಲ್ಲಿ, ಸತುವಿನ ಅದಿರಿನಿಂದ ಲೋಹ ತೆಗೆಯುವ ಕಾರ್ಖಾನೆಯ ಕಸದಿಂದ ಕ್ಯಾಡ್ಮಿಯಂ ರಿಯೂ ಮೋರ್ ಎಂಬ ಹಳ್ಳಕ್ಕೆ ಸೇರುತ್ತಿತ್ತು. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಜೊತೆಗಾರನಾಗಿಯೇ ಇರುತ್ತದೆ. ಆ ಹಳ್ಳ ಲಾಟ್ ನದಿಗೆ, ಲಾಟ್ ಗರೋನ್ ನದಿಗೆ, ಗರೋನ್ ಜಿರೋಂಡ್ ಅಳಿವೆಗೆ. ಸಿಹಿನೀರಿನಲ್ಲಿ ಅದು ಬಹುಪಾಲು ಹೂಳಿನ ಕಣಗಳಿಗೆ ಅಂಟಿಕೊಂಡೇ ಪ್ರಯಾಣ ಮಾಡುತ್ತದೆ. ಹೂಳು ಕಡಲನೀರನ್ನು ಮುಟ್ಟಿದಾಗ ಕ್ಲೋರೈಡು ಕ್ಯಾಡ್ಮಿಯಂ ಅನ್ನು ಕಣದಿಂದ ಬಿಡಿಸಿ ತನ್ನ ಜೊತೆ ಜೋಡಿಸಿಕೊಂಡು ದ್ರಾವಣಕ್ಕೆ ತರುತ್ತದೆ. ಹೀಗಾಗಿ ಸಿಹಿನೀರು ಉಪ್ಪುನೀರುಗಳು ಬೆರೆಯುವ ನಡುಪ್ರದೇಶದಲ್ಲಿ ಕರಗಿದ ಕ್ಯಾಡ್ಮಿಯಂ ನದಿಯಲ್ಲಿ ಇದ್ದುದಕ್ಕಿಂತಲೂ, ಹೊರಗಿನ ಕಡಲಿನಲ್ಲಿ ಇರುವುದಕ್ಕಿಂತಲೂ ಹೆಚ್ಚಾಗುತ್ತದೆ. ಪ್ರತಿ ಅಯಾನಿನ ಒಳಸೇರುವ ಸಾಧ್ಯತೆಯನ್ನು ಕ್ಲೋರೈಡು ತಗ್ಗಿಸುತ್ತದೆಂಬುದು ನಿಜ. ಅದೇ ಕ್ಲೋರೈಡು ನೀರಿಗೆ ಬರುವ ಒಟ್ಟು ಮೊತ್ತವನ್ನು ಏರಿಸುತ್ತದೆಂಬುದೂ ನಿಜ. ಹೂಳು ತುಂಬಿದ ಅಳಿವೆಯಲ್ಲಿ ಎರಡನೆಯದು ಮೇಲುಗೈ ಪಡೆಯಿತು.

ಅದಿರಿನ ಸಂಸ್ಕರಣೆ ಅಲ್ಲಿ 1987ರಲ್ಲಿಯೇ ನಿಂತರೂ, ಲಾಟ್ ನದಿಯ ಅಣೆಕಟ್ಟುಗಳ ಹಿಂದೆ ಕುಳಿತ ಹಳೆಯ ಹೂಳಿನಲ್ಲಿ ಕ್ಯಾಡ್ಮಿಯಂ ಉಳಿದೇ ಇತ್ತು. ಪ್ರವಾಹ ಬಂದಾಗಲೆಲ್ಲ ಕೆಳಗಿಳಿಯಿತು. ಜಿರೋಂಡಿನ ಸಿಂಪಿ ಸಂಗ್ರಹ ನಿಷೇಧ 1996ರದ್ದು, ಅಂದರೆ ಕಾರ್ಖಾನೆಯ ಕೆಲಸ ನಿಂತ ಎಷ್ಟೋ ವರ್ಷಗಳ ಅನಂತರದ್ದು.

ಪ್ರಶ್ನೆ: ಅಳಿವೆಯಂಚು

ಇಬ್ಬರಿಗೂ ಕೃತಜ್ಞತೆಗಳು. ಈಗ ನನ್ನ ತಾಯಿಯ ಪ್ರಶ್ನೆಗೆ ಮರಳುತ್ತೇನೆ. ಲೋಹ ಹೀಗೆ ಬಂಧಿಯಾಗುತ್ತದೆಂದಾದರೆ, ಒಂದು ರಾತ್ರಿ ಶುದ್ಧವಾದ ಉಪ್ಪುನೀರಿನಲ್ಲಿ ಇಟ್ಟರೆ ಸ್ವಲ್ಪವೂ ಹೋಗುವುದಿಲ್ಲವೇ? ಎಷ್ಟು ಒಳಬರುತ್ತದೆ, ಎಷ್ಟು ಹೊರಹೋಗುತ್ತದೆ ಎಂಬುದಕ್ಕೆ ಯಾರಾದರೂ ಅಂದಾಜು ಲೆಕ್ಕ ಕೊಡಬಲ್ಲಿರಾ? ಬೇಯಿಸುವುದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರ.

ಉತ್ತರ: ಕಿವಿರುಕಿಂಡಿ

ಲೆಕ್ಕ ಮಾಡೋಣ. ಇದು ನೈಜ ಜಾಗವೊಂದರ ಅಳತೆಯಲ್ಲ, ಕಲ್ಪಿಸಿಕೊಂಡ ಉದಾಹರಣೆ. ಆದರೆ ಅಂಕಿಗಳು ವಾಸ್ತವದ ಆಸುಪಾಸಿನಲ್ಲಿಯೇ ಇವೆ.

ಚಿಪ್ಪು ಕಳೆದರೆ 5 ಗ್ರಾಂ ಮಾಂಸವಿರುವ ಪಚ್ಚಿಲೆಯೊಂದು ಗಂಟೆಗೆ 2 ಲೀಟರಿನಂತೆ ದಿನಕ್ಕೆ 20 ಗಂಟೆ ನೀರು ಹರಿಸುತ್ತದೆನ್ನೋಣ. ದಿನಕ್ಕೆ 40 ಲೀಟರಾಯಿತು. ನೀರಿನಲ್ಲಿ ಲೀಟರಿಗೆ 0.05 ಮೈಕ್ರೋಗ್ರಾಂ ಕರಗಿದ ಕ್ಯಾಡ್ಮಿಯಂ ಇದ್ದರೆ, ಕಿವಿರಿನ ಮುಂದೆ ದಿನಕ್ಕೆ 2 ಮೈಕ್ರೋಗ್ರಾಂ ಹಾದುಹೋಗುತ್ತದೆ. ಅದರಲ್ಲಿ ಒಳಸೇರುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ. ನಾವು ಅರ್ಧ ಎಂದು ಹಿಡಿಯೋಣ. ಎಂದರೆ ತಮ್ಮ ಸಕ್ಕರೆಯ ಹೋಲಿಕೆ ಶೇಕಡಾ 99.5ರಷ್ಟು ಸರಿ! ಉಳಿದ ಶೇಕಡಾ ಅರ್ಧವೇ ದಿನಕ್ಕೆ 0.01 ಮೈಕ್ರೋಗ್ರಾಂ ಆಗುತ್ತದೆ.

ಹೊರಹೋಗುವ ವೇಗ, ಮೈಯಲ್ಲಿರುವುದರಲ್ಲಿ ದಿನಕ್ಕೆ ಶೇಕಡಾ 2 ಎಂದಿಟ್ಟುಕೊಂಡರೆ, ಬರುವುದೂ ಹೋಗುವುದೂ ಸರಿದೂಗುವ ಹೊತ್ತಿಗೆ ಪ್ರಾಣಿಯಲ್ಲಿ 0.5 ಮೈಕ್ರೋಗ್ರಾಂ ನಿಂತಿರುತ್ತದೆ. 5 ಗ್ರಾಂ ಮಾಂಸಕ್ಕೆ ಭಾಗಿಸಿದರೆ ಗ್ರಾಂಗೆ 0.1 ಮೈಕ್ರೋಗ್ರಾಂ, ಅಂದರೆ ಕಿಲೋಗೆ 0.1 ಮಿಲಿಗ್ರಾಂ. ಅಷ್ಟೇ ತೂಕದ ನೀರಿನಲ್ಲಿರುವುದರ 2000 ಪಟ್ಟು ಇದು. ಐರೋಪ್ಯ ಒಕ್ಕೂಟವು ಚಿಪ್ಪುಜೀವಿಗಳ ಹಸಿ ಮಾಂಸಕ್ಕೆ ಕ್ಯಾಡ್ಮಿಯಂನ ಮಿತಿಯನ್ನು ಕಿಲೋಗೆ 1 ಮಿಲಿಗ್ರಾಂ ಎಂದೂ ಸೀಸದ ಮಿತಿಯನ್ನು 1.5 ಮಿಲಿಗ್ರಾಂ ಎಂದೂ ಇಟ್ಟಿದೆಯೆಂಬುದನ್ನು ಹೋಲಿಕೆಗಾಗಿ ನೆನಪಿಡಬಹುದು. ಈ ಲೆಕ್ಕದಲ್ಲಿ ಆಹಾರದ ಕಣಗಳಿಂದ ಬರುವ ಪಾಲನ್ನು ನಾನು ಬಿಟ್ಟಿದ್ದೇನೆ. ಕ್ಯಾಡ್ಮಿಯಂ, ಸತುಗಳಲ್ಲಿ ನೀರು ಮತ್ತು ಆಹಾರ ಎರಡೂ ದೊಡ್ಡ ಪಾಲು ಕೊಡುತ್ತವೆ. ಸೆಲೆನಿಯಂನಲ್ಲಿ ಬಹುತೇಕ ಎಲ್ಲವೂ ಆಹಾರದಿಂದಲೇ ಬರುತ್ತದೆ.

ಈಗ ಒಂದು ರಾತ್ರಿಯ ಪ್ರಶ್ನೆ. ದಿನಕ್ಕೆ ಶೇಕಡಾ 2ರ ವೇಗದಲ್ಲಿ ಹನ್ನೆರಡು ಗಂಟೆಯಲ್ಲಿ ಶೇಕಡಾ ಒಂದು ಹೋಗುತ್ತದೆ, ವಾರವಿಟ್ಟರೂ ಶೇಕಡಾ 13. ಅರ್ಧಕ್ಕಿಳಿಯಲು 35 ದಿನ ಬೇಕು. ಮಾರುಕಟ್ಟೆಗೆ ಕಳುಹಿಸುವ ಮೊದಲು ಶುದ್ಧೀಕರಣ ಘಟಕಗಳಲ್ಲಿ ಒಂದೆರಡು ದಿನ ಇಡುವುದೂ ಬ್ಯಾಕ್ಟೀರಿಯಾ ಕಳೆಯುವುದಕ್ಕಾಗಿಯೇ ಹೊರತು ಲೋಹ ಕಳೆಯುವುದಕ್ಕಲ್ಲ. ಆದರೂ ತಮ್ಮ ತಾಯಿಯವರ ಪದ್ಧತಿಯಿಂದ ಲೋಹದ ಮಟ್ಟಿಗೆ ಏನೂ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಕರುಳಿನಲ್ಲಿರುವ ಕೆಸರು ಪ್ರಾಣಿಯ ಮೈಗೆ ಸೇರಿದ್ದಲ್ಲ, ಹಾದುಹೋಗುತ್ತಿರುವುದು. ಅದಕ್ಕೆ ಅಂಟಿದ ಕಬ್ಬಿಣ, ಅಲ್ಯೂಮಿನಿಯಂ, ಒಂದಿಷ್ಟು ಸೀಸ ಮರಳಿನೊಂದಿಗೆ ನಿಜವಾಗಿಯೂ ಹೊರಬೀಳುತ್ತವೆ. ಕರುಳು ಖಾಲಿ ಮಾಡಿಸದೆ ಪರೀಕ್ಷೆಗೆ ಕೊಟ್ಟ ಚಿಪ್ಪಿನಲ್ಲಿ ಈ ಲೋಹಗಳ ಅಂಕಿ ಉಬ್ಬಿರುವುದು ಪರೀಕ್ಷಕರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಇನ್ನೊಂದು ಮಾತು. ಎಲ್ಲ ಚಿಪ್ಪುಜೀವಿಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಪಚ್ಚಿಲೆ ತನ್ನ ಮೈಯ ಸತುವನ್ನು ಸಾಕಷ್ಟು ಹತೋಟಿಯಲ್ಲಿಡುತ್ತದೆ. ಸಿಂಪಿಗೆ ಆ ಹತೋಟಿ ಇಲ್ಲ. ಅದು ತಾಮ್ರವನ್ನು ಗಂಧಕದೊಂದಿಗೂ ಸತುವನ್ನು ಫಾಸ್ಫೇಟಿನೊಂದಿಗೂ ಕಟ್ಟಿ, ರಕ್ತಕಣಗಳೊಳಗಿನ ಪುಟ್ಟ ಚೀಲಗಳಲ್ಲಿ ತುಂಬಿಡುತ್ತದೆ. 1986ರಲ್ಲಿ ತೈವಾನಿನ ನೈಋತ್ಯ ಕರಾವಳಿಯಲ್ಲಿ, ಎರ್‌ಜೆನ್ ನದಿ ಕಡಲು ಸೇರುವ ಕಡೆ, ಸಾಕಿದ ಸಿಂಪಿಗಳು ಹಸಿರು ಬಣ್ಣಕ್ಕೆ ತಿರುಗಿದವು. ಲೋಹದ ಗುಜರಿ ಸುಟ್ಟು, ತೊಳೆದು ತಾಮ್ರ ತೆಗೆಯುತ್ತಿದ್ದ ನದೀತೀರದ ಕೆಲಸದಿಂದ ಬಂದ ತಾಮ್ರ ಅದು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಸಿಂಪಿಯ ಒಣತೂಕದ ಗ್ರಾಂಗೆ 4000 ಮೈಕ್ರೋಗ್ರಾಂಗೂ ಹೆಚ್ಚು ತಾಮ್ರ ದಾಖಲಾಯಿತು. ಒಣಗಿಸಿದ ಸಿಂಪಿಯ ತೂಕದಲ್ಲಿ ಶೇಕಡಾ 0.4 ತಾಮ್ರ!

ಪ್ರತಿಕ್ರಿಯೆ: ಪಡುವಣಗಾಳಿ

ಬೇಯಿಸುವುದರ ಕುರಿತು ಕೇಳಿದ್ದೀರಿ. ನಮ್ಮಲ್ಲಿ ಮರುವಾಯಿ ಬೆಂದು ಬಾಯಿ ಬಿಟ್ಟಾಗ ಇಳಿಯುವ ನೀರನ್ನು ಚೆಲ್ಲುವವರು ಕಡಿಮೆ. ರುಚಿಯೆಲ್ಲ ಅದರಲ್ಲಿದೆಯೆಂದು ಸುಕ್ಕಕ್ಕೋ ಗಸಿಗೋ ಬಳಸುತ್ತೇವೆ. ಲೋಹವೂ ಆ ನೀರಿಗೆ ಇಳಿಯುತ್ತದೆಯೇ ಎಂಬುದನ್ನು ಬಲ್ಲವರು ಹೇಳಲಿ.

ಉತ್ತರ: ದ್ರಾವಣ

ಸ್ವಲ್ಪ ಇಳಿಯುತ್ತದೆ. ಲೋಹ ಮೂಲಧಾತುವಾದ್ದರಿಂದ ಬೆಂಕಿಗೆ ನಾಶವಾಗುವ ಮಾತಿಲ್ಲ. ಬೆಂದಾಗ ಪ್ರೋಟೀನುಗಳು ಮುದುಡಿ, ಸಡಿಲವಾಗಿ ಹಿಡಿದಿದ್ದ ಒಂದಿಷ್ಟು ಲೋಹ ನೀರಿಗೆ ಬಿಡುಗಡೆಯಾಗುತ್ತದೆ, ಹೆಚ್ಚಿನದು ಮಾಂಸದಲ್ಲಿಯೇ ಉಳಿಯುತ್ತದೆ. ಮಾಂಸದಿಂದ ನೀರು ಹೋಗಿ ತೂಕ ಇಳಿಯುವುದರಿಂದ ಬೆಂದ ಚಿಪ್ಪಿನ ಪ್ರತಿ ಗ್ರಾಂಗೆ ಲೆಕ್ಕ ಹಾಕಿದರೆ ಅಂಕಿ ಏರಿದಂತೆಯೇ ಕಾಣಬಹುದು. ಪರೀಕ್ಷಾ ವರದಿ ಓದುವಾಗ ಹಸಿತೂಕವೇ, ಒಣತೂಕವೇ, ಬೆಂದ ತೂಕವೇ ಎಂಬುದನ್ನು ಮೊದಲು ನೋಡಬೇಕು. ಹಸಿತೂಕದ ಅಂಕಿಗೂ ಒಣತೂಕದ ಅಂಕಿಗೂ ಸುಲಭವಾಗಿ ಐದಾರು ಪಟ್ಟು ಅಂತರವಿರುತ್ತದೆ, ಪತ್ರಿಕೆಗಳಲ್ಲಿ ಅದನ್ನು ಗಮನಿಸದೆ ಗಾಬರಿ ಹುಟ್ಟಿಸಿದ್ದೂ ಉಂಟು.

ಉತ್ತರ: ಕಿವಿರುಕಿಂಡಿ

ಅದಕ್ಕೇ ಹೊಂದಿಕೊಂಡ ಇನ್ನೊಂದು ಬಲೆ: ಕಾಲ. ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಟ್ಟ ಮೇಲೆ ಬಳಚಿನ ಮಾಂಸ ಸೊರಗಿ ನೀರಾಗಿರುತ್ತದೆಂಬುದು ಹೆಕ್ಕುವವರೆಲ್ಲರಿಗೂ ತಿಳಿದದ್ದೇ. ಆಗ ತೂಕ ಇಳಿಯುತ್ತದೆ, ಕಿವಿರು ಮತ್ತು ಜೀರ್ಣಗ್ರಂಥಿಗಳಲ್ಲಿ ಕುಳಿತ ಲೋಹ ಮಾತ್ರ ಹಾಗೆಯೇ ಇರುತ್ತದೆ. ಹೊಸದಾಗಿ ಒಂದು ಅಯಾನೂ ಸೇರದೆ ಕಿಲೋ ಲೆಕ್ಕದ ಅಂಕಿ ಮೇಲೇರುತ್ತದೆ. ಚೆನ್ನಾಗಿ ಮೈದುಂಬುವ ತಿಂಗಳುಗಳಲ್ಲಿ ಇದಕ್ಕೆ ವಿರುದ್ಧವಾಗಿ ಬೆಳವಣಿಗೆಯೇ ಲೋಹವನ್ನು ತೆಳುವಾಗಿಸುತ್ತದೆ. ಮಳೆಗಾಲದಲ್ಲಿ ಅಳಿವೆ ಸಿಹಿಯಾದಾಗ ಅವು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ದಿನಗಟ್ಟಲೆ ನೀರನ್ನೇ ಎಳೆಯದಿರುವುದೂ ಉಂಟು. ಆ ದಿನಗಳಲ್ಲಿ ಮೇಲಿನ ನನ್ನ 40 ಲೀಟರಿನ ಲೆಕ್ಕ ನಡೆಯುವುದಿಲ್ಲ. ತಮ್ಮ ಊರಿನ ಬಳಚನ್ನು ಪರೀಕ್ಷೆಗೆ ಕೊಡುವ ಯೋಚನೆ ತಮಗೆ ಮುಂದೆ ಎಂದಾದರೂ ಬಂದರೆ, ಒಂದೇ ಗಾತ್ರದ ಇಪ್ಪತ್ತು ಮೂವತ್ತು ಬಳಚುಗಳನ್ನು ಒಟ್ಟಿಗೆ ಆರಿಸಿ, ತಾಯಿಯವರ ಕೈಯಿಂದಲೇ ರಾತ್ರಿ ಉಪ್ಪುನೀರಿನಲ್ಲಿ ಇಡಿಸಿ, ಬೆಳಿಗ್ಗೆ ಕೊಡಿ.